ಹೊಸದಾಗಿ ಮದುವೆಯಾದವರಿಗೆ ಅಡುಗೆ ಕಲಿಕೆ: ನಾಲ್ಕೇ ಅಡುಗೆಯಿಂದ ಶುರು ಮಾಡಿ

ಮದುವೆಯಾಗಿ ಹೊಸ ಮನೆ ಹೂಡಿದ ಮೇಲೆ ಒಂದು ಪ್ರಶ್ನೆ ದಿನಾ ಎದುರಾಗುತ್ತದೆ: ಇವತ್ತು ಏನು ಅಡುಗೆ? ಇಬ್ಬರಿಗೂ ಅಡುಗೆ ಬರದಿದ್ದರೆ ಹೆಚ್ಚಿನವರು ಮಾಡುವುದು ಇಷ್ಟು. ಫೋನಿನಲ್ಲಿ ವಿಡಿಯೊ ನೋಡಿ ಸೋಮವಾರ ಒಂದು ಹೊಸ ಅಡುಗೆ ಮಾಡುತ್ತಾರೆ, ಮಂಗಳವಾರ ಇನ್ನೊಂದು. ತಿಂಗಳು ಕಳೆದರೂ ಯಾವುದೂ ಕೈಗೆ ಹತ್ತಿರುವುದಿಲ್ಲ. ದಿನಾ ಹೊಸ ಅಡುಗೆ ಅಂದರೆ ದಿನಾ ಮೊದಲಿಂದ ಶುರು ಮಾಡಿದ ಹಾಗೇ ಅಲ್ವಾ?

ನಾನು ಹೇಳುವ ದಾರಿ ಬೇರೆ. ನಾಲ್ಕು ಸರಳ ಅಡುಗೆ ಆರಿಸಿಕೊಳ್ಳಿ. ಒಂದೆರಡು ತಿಂಗಳು ಅವನ್ನೇ ಮತ್ತೆ ಮತ್ತೆ ಮಾಡಿ. ಇಬ್ಬರೂ ಮಾಡಿ. ಒಂದೇ ಅಡುಗೆಯನ್ನು ಐದಾರು ಸಲ ಮಾಡಿದ ಮೇಲೆ ಉರಿ ಯಾವಾಗ ತಗ್ಗಿಸಬೇಕು, ನೀರು ಎಷ್ಟು ಬೇಕು, ಉಪ್ಪು ಎಲ್ಲಿ ಸಾಲದು ಅನ್ನುವುದು ಗೊತ್ತಾಗತೊಡಗುತ್ತದೆ. ಆ ತಿಳಿವಳಿಕೆ ಮುಂದೆ ಮಾಡುವ ಎಲ್ಲ ಅಡುಗೆಗೂ ಬರುತ್ತದೆ.

ಹೆಜ್ಜೆ 1: ಒಲೆ ಹಚ್ಚುವ ಮೊದಲು ಮಾತಾಡಿ

ನೀವಿಬ್ಬರೂ ಬೇರೆ ಬೇರೆ ಮನೆಯ ರುಚಿಯಲ್ಲಿ ಬೆಳೆದವರು. ಒಬ್ಬರಿಗೆ ಖಾರ ಬೇಕು, ಇನ್ನೊಬ್ಬರಿಗೆ ಸಪ್ಪೆ ಇಷ್ಟ. ಒಬ್ಬರಿಗೆ ಅನ್ನ ಉದುರುದುರಾಗಿರಬೇಕು, ಇನ್ನೊಬ್ಬರಿಗೆ ಮೆತ್ತಗಿರಬೇಕು. ಇದನ್ನು ತಟ್ಟೆಯ ಮುಂದೆ ಕೂತಾಗ ಕಂಡುಕೊಳ್ಳುವುದಕ್ಕಿಂತ ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವುದು ಮೈಗೆ ಆಗಿಬರುವುದಿಲ್ಲ? ಯಾವುದು ಇಷ್ಟವಿಲ್ಲ? ಯಾವುದು ದಿನಾ ಇದ್ದರೂ ಬೇಸರವಿಲ್ಲ? ಮೊದಲನೆಯ ಪ್ರಶ್ನೆಯನ್ನು ಸುಮ್ನೆ ಕೇಳಿ ಬಿಡಬೇಡಿ. ಕಡಲೆಕಾಯಿ, ಮೊಟ್ಟೆ, ಹಾಲು, ಮೀನು, ಗೋಧಿ ಇವುಗಳಿಗೆ ಅಲರ್ಜಿ ಇರುವವರು ಬಹಳ ಜನ ಇದ್ದಾರೆ. ಕೆಲವರಿಗೆ ಅದು ಪ್ರಾಣಕ್ಕೇ ಕುತ್ತು ತರಬಹುದು.

ಇನ್ನು ಕೆಲಸ ಹಂಚಿಕೊಳ್ಳುವ ವಿಷಯ. "ಅಡುಗೆ ನೀನು ಮಾಡು, ಪಾತ್ರೆ ನಾನು ತೊಳೀತೀನಿ" ಅನ್ನುವುದು ನ್ಯಾಯವಾಗಿ ಕಾಣುತ್ತದೆ. ಆದರೆ ಹೀಗೆ ಹಂಚಿಕೊಂಡರೆ ಒಬ್ಬರು ಅಡುಗೆ ಕಲಿಯುವುದೇ ಇಲ್ಲ. ಮಾಡುವವರಿಗೆ ಜ್ವರ ಬಂದ ದಿನ, ಊರಿಗೆ ಹೋದ ದಿನ, ಇನ್ನೊಬ್ಬರು ಹಸಿದು ಕೂರಬೇಕಾಗುತ್ತದೆ. ಅದಕ್ಕೆ ಪಾಳಿ ಹಾಕಿಕೊಳ್ಳಿ. ಒಂದು ವಾರ ಒಬ್ಬರು ಒಲೆಯ ಮುಂದೆ, ಇನ್ನೊಬ್ಬರು ಹೆಚ್ಚುವುದು, ತೊಳೆಯುವುದು. ಮುಂದಿನ ವಾರ ಅದಲುಬದಲು. ಅಡುಗೆ ಹೆಂಡತಿಯ ಕೆಲಸ ಎಂದು ಮೊದಲ ತಿಂಗಳಲ್ಲೇ ಬಿಟ್ಟುಬಿಟ್ಟರೆ ಆಮೇಲೆ ಅದನ್ನು ಬದಲಿಸುವುದು ಬಹಳ ಕಷ್ಟ.

ಹೆಜ್ಜೆ 2: ಪಾತ್ರೆ ಕಮ್ಮಿ ಇರಲಿ

ಮುಚ್ಚಳ ಇರುವ ದಪ್ಪ ತಳದ ಪಾತ್ರೆ, ಅಗಲವಾದ ಬಾಣಲೆ, ಒಂದು ಒಳ್ಳೆಯ ಚಾಕು, ಹೆಚ್ಚುವ ಮಣೆ, ಸೌಟು, ಅಳತೆಯ ಕಪ್ ಮತ್ತು ಚಮಚ. ಶುರುವಿಗೆ ಇಷ್ಟು ಸಾಕು. ದುಡ್ಡು ಹಾಕುವುದಾದರೆ ದಪ್ಪ ತಳಕ್ಕೆ ಹಾಕಿ. ತೆಳು ತಳದ ಪಾತ್ರೆಯಲ್ಲಿ ಬಿಸಿ ಒಂದೇ ಜಾಗದಲ್ಲಿ ನಿಲ್ಲುತ್ತದೆ, ಕಲಿಯುವವರ ಅಡುಗೆ ಅಲ್ಲೇ ತಳ ಹಿಡಿಯುತ್ತದೆ. ಚಿಕ್ಕ ಚಮಚ ಅಂದರೆ 5 ಮಿಲಿಲೀಟರ್, ದೊಡ್ಡ ಚಮಚ ಅಂದರೆ 15 ಮಿಲಿಲೀಟರ್. ಕಪ್ ಮಾತ್ರ ಕೆಲವು ಕಡೆ 240, ಕೆಲವು ಕಡೆ 250 ಮಿಲಿಲೀಟರ್ ಇರುತ್ತದೆ. ಯಾವುದಾದರೂ ಸರಿ, ಒಂದೇ ಕಪ್ಪನ್ನು ಯಾವಾಗಲೂ ಬಳಸಿ.

ಹೆಜ್ಜೆ 3: ನಾಲ್ಕು ಅಡುಗೆ ಆರಿಸಿ

ನನ್ನ ಆಯ್ಕೆ ಅನ್ನ, ಬೇಯಿಸಿದ ಬೇಳೆ, ಬಾಣಲೆಯಲ್ಲಿ ಹುರಿದ ತರಕಾರಿ ಮತ್ತು ಮೊಟ್ಟೆ. ಇವನ್ನು ಆರಿಸಿದ್ದಕ್ಕೆ ಕಾರಣವಿದೆ. ಅನ್ನ ನೀರಿನ ಅಳತೆ ಕಲಿಸುತ್ತದೆ. ಬೇಳೆಯಿಂದ ಯಾವುದನ್ನು ಮೊದಲು ಹಾಕಬೇಕು, ಯಾವುದನ್ನು ಆಮೇಲೆ ಎಂದು ಗೊತ್ತಾಗುತ್ತದೆ. ತರಕಾರಿ ಹುರಿಯುವಾಗ ಉರಿಯ ಅಂದಾಜು ಸಿಗುತ್ತದೆ. ಮೊಟ್ಟೆ ಒಂದು ನಿಮಿಷ ಹೆಚ್ಚುಕಮ್ಮಿಯಾದರೂ ಬದಲಾಗುತ್ತದೆ, ಹಾಗಾಗಿ ಗಡಿಯಾರ ನೋಡುವುದನ್ನು ಅದು ಕಲಿಸುತ್ತದೆ. ಮೊಟ್ಟೆ ತಿನ್ನದವರು ಅದರ ಬದಲು ಆಲೂಗಡ್ಡೆ ಬೇಯಿಸಿ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮಾಡಿದ ದಿನ ಎರಡೇ ಸಾಲು ಬರೆಯಿರಿ: ಎಷ್ಟು ಹಾಕಿದಿರಿ, ಹೇಗೆ ಬಂತು. ಮುಂದಿನ ಸಲ ಒಂದೇ ಒಂದನ್ನು ಬದಲಿಸಿ. ನೀರು ಬದಲಿಸಿದರೆ ಉರಿ ಹಾಗೇ ಇರಲಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಚೆನ್ನಾಗಿ ಬಂದರೂ ಯಾಕೆ ಬಂತು ಎಂದು ಗೊತ್ತಾಗುವುದಿಲ್ಲ.

ಹೆಜ್ಜೆ 4: ಮೊದಲು ಹೆಚ್ಚಿ, ಆಮೇಲೆ ಒಲೆ ಹಚ್ಚಿ

ಹೊಸಬರ ಅಡುಗೆ ಸೀದುಹೋಗಲು ದೊಡ್ಡ ಕಾರಣ ಇದೇ. ಎಣ್ಣೆ ಕಾಯುತ್ತಿರುತ್ತದೆ, ಅವರು ಇನ್ನೂ ಈರುಳ್ಳಿ ಸುಲಿಯುತ್ತಿರುತ್ತಾರೆ. ಎಲ್ಲವನ್ನೂ ತೊಳೆದು, ಹೆಚ್ಚಿ, ಅಳೆದು, ಹಾಕುವ ಕ್ರಮದಲ್ಲಿ ಇಟ್ಟುಕೊಂಡ ಮೇಲೆಯೇ ಒಲೆ ಹಚ್ಚಿ. ಕೈ ಪಳಗಿದ ಮೇಲೆ ಬೇಕಾದರೆ ಎರಡೂ ಒಟ್ಟಿಗೆ ಮಾಡಬಹುದು.

ಮಣೆಯ ಕೆಳಗೆ ಒಂದು ಒದ್ದೆ ಬಟ್ಟೆ ಹಾಸಿ, ಅದು ಜಾರುವುದಿಲ್ಲ. ತರಕಾರಿ ಹಿಡಿದ ಕೈಯ ಬೆರಳ ತುದಿಗಳು ಒಳಕ್ಕೆ ಮಡಚಿರಲಿ, ಚಾಕು ಬೆರಳಿನ ಗೆಣ್ಣಿಗೆ ತಾಗಿಕೊಂಡು ಇಳಿಯಲಿ. ದುಂಡಗಿನ ತರಕಾರಿಯನ್ನು ಮೊದಲು ಎರಡು ಹೋಳು ಮಾಡಿ, ಚಪ್ಪಟೆ ಭಾಗ ಕೆಳಗಿಟ್ಟು ಹೆಚ್ಚಿ. ಚಾಕು ಹರಿತವಾಗಿರಲಿ. ಮೊಂಡು ಚಾಕುವನ್ನು ಒತ್ತಬೇಕಾಗುತ್ತದೆ, ಒತ್ತಿದಾಗ ಜಾರಿ ಕೈಗೆ ಬೀಳುತ್ತದೆ. ಚಾಕು ಕೈಜಾರಿದರೆ ಹಿಡಿಯಲು ಹೋಗಬೇಡಿ, ಕಾಲು ಹಿಂದಕ್ಕೆ ತೆಗೆದುಕೊಂಡು ಬೀಳಲು ಬಿಡಿ.

ಹೋಳುಗಳು ಚಂದವಾಗಿ ಇರಬೇಕಾಗಿಲ್ಲ, ಒಂದೇ ಅಳತೆಯಲ್ಲಿದ್ದರೆ ಸಾಕು. ದೊಡ್ಡ ಹೋಳು ಬೇಯುವಷ್ಟರಲ್ಲಿ ಸಣ್ಣದು ಕರಗಿ ಹೋಗಿರುತ್ತದೆ. ಮೆಣಸಿನಕಾಯಿ ಹೆಚ್ಚಿದ ಮೇಲೆ ಕೈಗೆ ಸ್ವಲ್ಪ ಎಣ್ಣೆ ಸವರಿ, ನಂತರ ಸೋಪಿನಲ್ಲಿ ತೊಳೆಯಿರಿ. ಖಾರದ ಅಂಶ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತದೆ.

ಹೆಜ್ಜೆ 5: ಉರಿಯನ್ನು ಅರ್ಥ ಮಾಡಿಕೊಳ್ಳಿ

ಇದಕ್ಕೆ ನಿಜವಾಗಿಯೂ ಸಮಯ ಕೊಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ನೀರು ಸಮುದ್ರ ಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಒಮ್ಮೆ ಕುದಿ ಬಂದ ಮೇಲೆ ಉರಿ ಎಷ್ಟು ಜಾಸ್ತಿ ಮಾಡಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ. ಬೇಗ ಆವಿಯಾಗುತ್ತದೆ ಅಷ್ಟೇ. ಅಂದರೆ ಕುದಿ ಬಂದ ಮೇಲೆ ಉರಿ ತಗ್ಗಿಸಿದರೂ ಬೇಳೆ ಅಷ್ಟೇ ಹೊತ್ತಿನಲ್ಲಿ ಬೇಯುತ್ತದೆ, ತಳವೂ ಹಿಡಿಯುವುದಿಲ್ಲ. ಬೇಗ ಬೇಯಬೇಕಾದರೆ ಪ್ರೆಶರ್ ಕುಕ್ಕರ್ ಬೇಕು. ಅದರೊಳಗೆ ಆವಿ ಒತ್ತಿಕೊಂಡಿರುವುದರಿಂದ ನೀರು ಸುಮಾರು 120 ಡಿಗ್ರಿವರೆಗೂ ಬಿಸಿಯಾಗುತ್ತದೆ. ಎತ್ತರದ ಜಾಗದಲ್ಲಿ ಇದರ ಉಲ್ಟಾ. ಪ್ರತಿ 300 ಮೀಟರ್ ಎತ್ತರಕ್ಕೆ ನೀರು ಕುದಿಯುವ ಬಿಸಿ ಸುಮಾರು 1 ಡಿಗ್ರಿ ಇಳಿಯುತ್ತದೆ, ಹಾಗಾಗಿ ಬೆಟ್ಟದ ಮೇಲೆ ಬೇಯಿಸಲು ಹೆಚ್ಚು ಹೊತ್ತು ಬೇಕು.

ಹುರಿಯುವುದು ಬೇರೆಯೇ ಲೆಕ್ಕ. ತರಕಾರಿಯಾಗಲಿ ಮಾಂಸವಾಗಲಿ ಕಂದು ಬಣ್ಣಕ್ಕೆ ತಿರುಗಿ ಒಳ್ಳೆಯ ಪರಿಮಳ ಬರಬೇಕಾದರೆ ಮೇಲ್ಮೈ ಸುಮಾರು 140 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಬಿಸಿಯಾಗಬೇಕು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮಯಾರ್ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದ. ಅಡುಗೆಮನೆಯಲ್ಲಿ ಇದರಿಂದ ನಮಗೆ ತಿಳಿಯಬೇಕಾದದ್ದು ಒಂದೇ. ಬಾಣಲೆಯಲ್ಲಿ ನೀರಿರುವವರೆಗೂ ಬಿಸಿ 100 ಡಿಗ್ರಿ ದಾಟುವುದಿಲ್ಲ, ಬಣ್ಣವೂ ಬರುವುದಿಲ್ಲ. ಅದಕ್ಕೇ ತೊಳೆದ ತರಕಾರಿಯನ್ನು ಬಟ್ಟೆಯಲ್ಲಿ ಒರೆಸಿ ಹಾಕಿ. ಬಾಣಲೆ ತುಂಬ ತುಂಬಬೇಡಿ. ಜಾಸ್ತಿ ಹಾಕಿದರೆ ತರಕಾರಿ ಬಿಟ್ಟ ನೀರೇ ಕೆಳಗೆ ನಿಂತು, ಹುರಿಯುವ ಬದಲು ಬೇಯುತ್ತದೆ. ಒಂದು ಪದರ ಹರಡುವಷ್ಟು ಹಾಕಿ, ಹಾಕಿದ ಕೂಡಲೇ ಕೈಯಾಡಿಸದೆ ಒಂದು ನಿಮಿಷ ಬಿಡಿ.

ಕಣ್ಣಿಗಿಂತ ಕಿವಿಗೆ ಮೊದಲು ಗೊತ್ತಾಗುತ್ತದೆ. ಚುಂಯ್ ಎನ್ನುವ ಸದ್ದು ಬರುತ್ತಿದ್ದರೆ ನೀರು ಆವಿಯಾಗುತ್ತಿದೆ ಎಂದರ್ಥ. ಸದ್ದು ಕಮ್ಮಿಯಾಗುತ್ತಾ ಬಂದರೆ ನೀರು ಮುಗಿಯಿತು, ಇನ್ನು ಬಣ್ಣ ಬರುತ್ತದೆ, ಎಚ್ಚರದಿಂದಿರಿ. ಎಣ್ಣೆಯಿಂದ ಹೊಗೆ ಎದ್ದರೆ ಅದು ಜಾಸ್ತಿ ಕಾದಿದೆ. ಒಲೆ ಆರಿಸಿ ತಣಿಯಲು ಬಿಡಿ.

ಈರುಳ್ಳಿ ವಿಷಯದಲ್ಲಿ ಅಡುಗೆ ವಿಡಿಯೊಗಳನ್ನು ನಂಬಬೇಡಿ. "ಐದು ನಿಮಿಷ ಹುರಿದರೆ ಕಂದು ಬಣ್ಣ ಬರುತ್ತದೆ" ಎಂದು ಹೇಳುತ್ತಾರೆ. ಐದರಿಂದ ಏಳು ನಿಮಿಷಕ್ಕೆ ಅದು ಮೆತ್ತಗಾಗಿ ಬಿಳುಪು ಹೋಗುತ್ತದೆ, ಅಷ್ಟೇ. ಹೊಂಬಣ್ಣಕ್ಕೆ ಹದಿನೈದು ನಿಮಿಷದ ಹತ್ತಿರ ಬೇಕು. ಸಣ್ಣ ಉರಿಯಲ್ಲಿ ಗಾಢ ಕಂದಾಗಿ ಸಿಹಿ ಬರಬೇಕಾದರೆ ಅರ್ಧ ಗಂಟೆಗಿಂತ ಜಾಸ್ತಿಯೇ ಹಿಡಿಯುತ್ತದೆ.

ಹೆಜ್ಜೆ 6: ಒಂದೊಂದೇ ಮಾಡಿ ನೋಡಿ

ಅನ್ನ: ಒಂದು ಕಪ್ ಅಕ್ಕಿ ಸುಮಾರು ಮೂರು ಕಪ್ ಅನ್ನವಾಗುತ್ತದೆ. ಇಬ್ಬರಿಗೆ ಮುಕ್ಕಾಲು ಕಪ್ ಅಕ್ಕಿಯಿಂದ ಶುರು ಮಾಡಿ. ನೀರು ತಕ್ಕಮಟ್ಟಿಗೆ ತಿಳಿಯಾಗುವವರೆಗೂ ತೊಳೆದರೆ ಮೇಲಿನ ಹಿಟ್ಟು ಹೋಗಿ ಅನ್ನ ಅಂಟುವುದು ಕಮ್ಮಿಯಾಗುತ್ತದೆ. ದೊಡ್ಡ ಉರಿಯಲ್ಲಿ ಕುದಿ ಬರಿಸಿ, ಉರಿ ಪೂರ್ತಿ ತಗ್ಗಿಸಿ, ಮುಚ್ಚಿ. ಬಿಳಿ ಅಕ್ಕಿಗೆ ಹನ್ನೆರಡರಿಂದ ಹದಿನೈದು ನಿಮಿಷ. ಒಲೆ ಆರಿಸಿದ ಮೇಲೆ ಇನ್ನೂ ಹತ್ತು ನಿಮಿಷ ಮುಚ್ಚಳ ತೆಗೆಯದೆ ಬಿಡಿ.

ನೀರಿನ ಅಳತೆಯಲ್ಲಿ ಇಬ್ಬರೇ ಇರುವ ಮನೆಯವರು ಎಡವುವ ಒಂದು ಜಾಗವಿದೆ. ಅಕ್ಕಿ ನಿಜವಾಗಿ ಹೀರಿಕೊಳ್ಳುವ ನೀರು ಹೆಚ್ಚುಕಮ್ಮಿ ತನ್ನ ಅಳತೆಯಷ್ಟೇ. ಉಳಿದದ್ದು ಆವಿಯಾಗಿ ಹೋಗಲಿಕ್ಕೆ. ಎಷ್ಟು ಆವಿ ಹೋಗುತ್ತದೆ ಎನ್ನುವುದು ಪಾತ್ರೆಯ ಅಗಲ, ಮುಚ್ಚಳದ ಬಿಗಿ, ಬೇಯುವ ಸಮಯ ಇವುಗಳಿಗೆ ಸೇರಿದ್ದು. ಅಕ್ಕಿ ಎಷ್ಟಿದೆ ಎನ್ನುವುದಕ್ಕೂ ಅದಕ್ಕೂ ಹೆಚ್ಚು ಸಂಬಂಧವಿಲ್ಲ. ಒಂದು ಪಾತ್ರೆಯಲ್ಲಿ ಎರಡು ಕಪ್ ಅಕ್ಕಿಗೆ ಮೂರು ಕಪ್ ನೀರು ಸರಿಹೋಗುತ್ತದೆ ಎಂದುಕೊಳ್ಳಿ. ಎರಡು ಕಪ್ ಅಕ್ಕಿಗೆ, ಒಂದು ಕಪ್ ಆವಿಗೆ. ಅದೇ ಪಾತ್ರೆಯಲ್ಲಿ ಒಂದು ಕಪ್ ಅಕ್ಕಿಗೆ ಒಂದೂವರೆ ಕಪ್ ನೀರು ಸಾಲುವುದಿಲ್ಲ, ಎರಡರ ಹತ್ತಿರ ಬೇಕು. ನಾಲ್ಕು ಜನರ ಅಳತೆಯನ್ನು ಅರ್ಧ ಮಾಡಿದಾಗ ಅನ್ನ ಗಟ್ಟಿಯಾಗುವುದು ಇದಕ್ಕೇ. ನಿಮ್ಮ ಪಾತ್ರೆ, ನಿಮ್ಮ ಅಕ್ಕಿ, ನಿಮ್ಮ ಒಲೆಯ ಅಳತೆ ಸಿಕ್ಕ ದಿನ ಅದನ್ನು ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದಿಡಿ.

ಬೇಳೆ: ಉಪ್ಪನ್ನು ಯಾವಾಗ ಹಾಕಿದರೂ ಬೇಳೆ ಬೇಯುತ್ತದೆ. ಹುಳಿಯನ್ನು ಮಾತ್ರ ಕೊನೆಯಲ್ಲಿ ಹಾಕಿ. ಟೊಮೆಟೊ, ನಿಂಬೆರಸದಂಥ ಹುಳಿ ಪದಾರ್ಥ ಮೊದಲೇ ಬಿದ್ದರೆ ಬೇಳೆ, ಕಾಳು, ಆಲೂಗಡ್ಡೆ ಎಲ್ಲವೂ ಮೆತ್ತಗಾಗಲು ಬಹಳ ಹೊತ್ತು ಹಿಡಿಯುತ್ತದೆ. ಕುಕ್ಕರ್ ಬಳಸುವುದಾದರೆ ಬೇಳೆಕಾಳು ಮತ್ತು ನೀರು ಸೇರಿ ಅರ್ಧಕ್ಕಿಂತ ಮೇಲೆ ಹೋಗಬಾರದು. ಬೇಳೆ ನೊರೆಯುಕ್ಕಿ ಆವಿಯ ದಾರಿ ಕಟ್ಟಿಕೊಳ್ಳುತ್ತದೆ. ಆವಿ ತಾನಾಗಿ ಇಳಿಯುವವರೆಗೂ ಮುಚ್ಚಳವನ್ನು ಬಲವಂತವಾಗಿ ತೆಗೆಯಬೇಡಿ.

ಕಾಳುಗಳಲ್ಲಿ ಒಂದರ ಬಗ್ಗೆ ವಿಶೇಷ ಎಚ್ಚರ ಬೇಕು. ರಾಜ್ಮಾ, ಅಂದರೆ ಕೆಂಪು ಕಿಡ್ನಿ ಬೀನ್ಸ್, ಹಸಿಯಾಗಿದ್ದಾಗ ಅದರಲ್ಲಿ ವಾಂತಿ ಭೇದಿ ತರುವ ವಿಷದ ಅಂಶ ಇರುತ್ತದೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಆಮೇಲೆ ಮೆತ್ತಗಾಗುವವರೆಗೂ ಬೇಯಿಸಿ. ಅರೆಬೆಂದದ್ದನ್ನು ತಿನ್ನಬೇಡಿ.

ತರಕಾರಿ: ಗಟ್ಟಿಯದನ್ನು ಮೊದಲು ಹಾಕಿ, ಸೊಪ್ಪನ್ನು ಕೊನೆಗೆ. ಉಳಿದದ್ದು ಉರಿಯ ಹೆಜ್ಜೆಯಲ್ಲಿ ಹೇಳಿಯಾಯಿತು.

ಮೊಟ್ಟೆ: ಕುದಿಯುವ ನೀರಿಗೆ ಮೆಲ್ಲಗೆ ಇಳಿಸಿ. ಏಳು ನಿಮಿಷಕ್ಕೆ ಹಳದಿ ಮೆತ್ತಗಿರುತ್ತದೆ, ಹನ್ನೊಂದು ನಿಮಿಷಕ್ಕೆ ಗಟ್ಟಿಯಾಗುತ್ತದೆ. ತೆಗೆದ ಕೂಡಲೇ ತಣ್ಣೀರಿಗೆ ಹಾಕಿ, ಇಲ್ಲದಿದ್ದರೆ ಒಳಗಿನ ಬಿಸಿಯಲ್ಲೇ ಬೇಯುತ್ತಾ ಹೋಗುತ್ತದೆ. ಆಲೂಗಡ್ಡೆ ಆರಿಸಿದವರು ಅದನ್ನು ತಣ್ಣೀರಿನಲ್ಲೇ ಹಾಕಿ ಒಲೆಗಿಡಿ. ಕುದಿಯುವ ನೀರಿಗೆ ಹಾಕಿದರೆ ಒಳಗೆ ಬೇಯುವಷ್ಟರಲ್ಲಿ ಹೊರಗೆ ಒಡೆದುಹೋಗುತ್ತದೆ.

ಹೆಜ್ಜೆ 7: ರುಚಿ ನೋಡುತ್ತಲೇ ಇರಿ

ಉಪ್ಪನ್ನು ಒಂದೇ ಸಲ ಸುರಿಯಬೇಡಿ. ಇಬ್ಬರಿಗಾಗುವ ಬೇಳೆಗೆ ಕಾಲು ಚಿಕ್ಕ ಚಮಚ ಪುಡಿ ಉಪ್ಪು ಹಾಕಿ, ಕಲಸಿ, ಎರಡು ನಿಮಿಷ ಬಿಟ್ಟು ರುಚಿ ನೋಡಿ. ಬೇಕಾದರೆ ಇನ್ನೊಂದು ಚಿಟಿಕೆ. ರುಚಿ ನೋಡುವ ಚಮಚದಲ್ಲಿ ಸ್ವಲ್ಪ ಆರಲು ಬಿಡಿ, ಸುಡುವ ಬಿಸಿಯಲ್ಲಿ ನಾಲಿಗೆಗೆ ಏನೂ ಸರಿಯಾಗಿ ತಿಳಿಯುವುದಿಲ್ಲ. ನೀರು ಇನ್ನೂ ಇಂಗಬೇಕಾದ ಅಡುಗೆಗೆ ಉಪ್ಪು ಸ್ವಲ್ಪ ಕಮ್ಮಿಯೇ ಇರಲಿ, ಇಂಗಿದಷ್ಟೂ ಉಪ್ಪು ಜಾಸ್ತಿಯಾಗುತ್ತದೆ. ಕಲ್ಲುಪ್ಪು ಮತ್ತು ಪುಡಿ ಉಪ್ಪನ್ನು ಒಂದೇ ಚಮಚದಲ್ಲಿ ಅಳೆದರೂ ತೂಕ ಬೇರೆ ಬೇರೆ ಇರುತ್ತದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಎಲ್ಲ ಹೊತ್ತಿನ ಊಟ ಸೇರಿ ಒಂದು ಚಿಕ್ಕ ಚಮಚಕ್ಕೂ ಕಮ್ಮಿ. ಹೊಸ ಸಂಸಾರದಲ್ಲೇ ನಾಲಿಗೆಯನ್ನು ಹೀಗೆ ಪಳಗಿಸಿಕೊಳ್ಳುವುದು ಸುಲಭ.

ಉಪ್ಪು ಸರಿಯಿದ್ದೂ ಏನೋ ಸಾಲದು ಅನ್ನಿಸಿದರೆ ನಾಲ್ಕು ಹನಿ ಹುಳಿ ಹಾಕಿ ನೋಡಿ. ಬಹಳ ಸಲ ಬೇಕಾಗಿರುವುದು ಅದೇ.

ಕೆಟ್ಟದ್ದನ್ನು ಸರಿಮಾಡುವುದೂ ಕಲಿಕೆಯೇ. ಉಪ್ಪು ಜಾಸ್ತಿಯಾದರೆ ಉಪ್ಪಿಲ್ಲದ ಬೇಳೆಯನ್ನೋ ತರಕಾರಿಯನ್ನೋ ನೀರನ್ನೋ ಸೇರಿಸಿ ಹೆಚ್ಚು ಮಾಡಿ. ಆಲೂಗಡ್ಡೆ ಹೋಳು ಹಾಕಿದರೆ ಅದು ಉಪ್ಪನ್ನೆಲ್ಲ ಎಳೆದುಕೊಳ್ಳುತ್ತದೆ ಎನ್ನುವುದು ನಿಜವಲ್ಲ. ಒಂದಿಷ್ಟು ಉಪ್ಪುನೀರು ಕುಡಿಯುತ್ತದೆ, ಉಳಿದದ್ದು ಅಷ್ಟೇ ಉಪ್ಪಾಗಿರುತ್ತದೆ. ಖಾರ ಜಾಸ್ತಿಯಾದರೆ ಮೊಸರು, ಹಾಲಿನ ಕೆನೆಯಂಥದ್ದು ಸಹಾಯ ಮಾಡುತ್ತದೆ. ತಳ ಹಿಡಿದರೆ ಸೌಟಿನಿಂದ ಕೆರೆಯಬೇಡಿ. ಮೇಲಿನದನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿ, ಸೀದ ವಾಸನೆ ಇದೆಯೇ ನೋಡಿ.

ಹೆಜ್ಜೆ 8: ಎಲ್ಲವೂ ಒಂದೇ ಹೊತ್ತಿಗೆ ಬಿಸಿಯಾಗಿರಲಿ

ಊಟದ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ಎಂಟು ಗಂಟೆಗೆ ಊಟವಾದರೆ, ಕೊನೆಯ ಹತ್ತು ನಿಮಿಷ ತರಕಾರಿಗೆ. ಅನ್ನ ಏಳೂಕಾಲಿಗೆ ಒಲೆಗೆ. ಬೇಳೆ ಎಲ್ಲಕ್ಕಿಂತ ಮೊದಲು, ಅದು ಕಾದರೂ ಕೆಡುವುದಿಲ್ಲ. ಬೇಯುವ ಸಮಯದಲ್ಲಿ ಬಳಸಿದ ಪಾತ್ರೆ ತೊಳೆದುಬಿಡಿ.

ಹೆಜ್ಜೆ 9: ಉಳಿದದ್ದನ್ನು ಜೋಪಾನ ಮಾಡಿ

ಇಬ್ಬರ ಅಡುಗೆಯಲ್ಲಿ ಮಿಗುವುದು ಸಹಜ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೊರತಂದ ಐದು ಸೂತ್ರಗಳು ಇವತ್ತಿಗೂ ಸಾಕು. ಶುಚಿಯಾಗಿಡಿ. ಹಸಿಯದನ್ನೂ ಬೆಂದದ್ದನ್ನೂ ಬೇರೆ ಇಡಿ. ಪೂರ್ತಿ ಬೇಯಿಸಿ. ಸರಿಯಾದ ಬಿಸಿಯಲ್ಲಿ ಅಥವಾ ತಂಪಿನಲ್ಲಿ ಇಡಿ. ಒಳ್ಳೆಯ ನೀರು ಮತ್ತು ಸಾಮಾನು ಬಳಸಿ. ಬೆಂದ ಅಡುಗೆ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಫ್ರಿಜ್ 5 ಡಿಗ್ರಿ ಅಥವಾ ಅದಕ್ಕಿಂತ ತಂಪಾಗಿರಲಿ.

ಅನ್ನದ ಬಗ್ಗೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಬ್ಯಾಸಿಲಸ್ ಸೀರಿಯಸ್ ಎನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯದೆ ಉಳಿಯಬಲ್ಲವು. ಅನ್ನ ಹೊರಗೆ ಹಾಗೇ ಇದ್ದರೆ ಅವು ಬೆಳೆದು ವಿಷ ಉಂಟುಮಾಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಮಿಕ್ಕ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್‌ನಲ್ಲಿಡಿ, ಮಾರನೆಯ ದಿನವೇ ಚೆನ್ನಾಗಿ ಬಿಸಿ ಮಾಡಿ ತಿಂದು ಮುಗಿಸಿ.

ಕೋಳಿಮಾಂಸ ಬೇಯಿಸುವವರು ಅದನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ಸಿಡಿದ ಹನಿಗಳ ಜೊತೆ ಬ್ಯಾಕ್ಟೀರಿಯಾ ಸುತ್ತಲೂ ಹರಡುತ್ತದೆ. ಚೆನ್ನಾಗಿ ಬೇಯಿಸಿದರೆ ಅವು ಸಾಯುತ್ತವೆ.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ. ಕೈಗೆ ಸಿಗುವಂತಿದ್ದರೆ ಒಲೆ ಆರಿಸಿ, ಮುಚ್ಚಳ ಮುಚ್ಚಿ, ಬಾಣಲೆಯನ್ನು ಕದಲಿಸಬೇಡಿ. ಕೈ ಸುಟ್ಟರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ಐಸ್, ಬೆಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ. ಇವೆರಡನ್ನು ಇಬ್ಬರೂ ಬಾಯಿಪಾಠ ಮಾಡಿಕೊಳ್ಳಿ.

ಹೆಜ್ಜೆ 10: ತಟ್ಟೆಯ ಮುಂದೆ ಹೇಗೆ ಮಾತಾಡಬೇಕು

"ಚೆನ್ನಾಗಿಲ್ಲ" ಅಂದರೆ ಮಾಡಿದವರಿಗೆ ನೋವಾಗುತ್ತದೆ, ತಿದ್ದಿಕೊಳ್ಳಲು ಏನೂ ಸಿಗುವುದಿಲ್ಲ. "ಬೇಳೆ ಹದವಾಗಿ ಬೆಂದಿದೆ, ಉಪ್ಪು ಒಂದು ಚಿಟಿಕೆ ಸಾಲದು" ಅಂದರೆ ನಾಳೆಗೆ ದಾರಿ ಸಿಗುತ್ತದೆ. ಸುಮ್ನೆ ಎಲ್ಲವನ್ನೂ ಹೊಗಳುವುದೂ ಬೇಡ, ಅದರಿಂದ ಇಬ್ಬರೂ ಕಲಿಯುವುದಿಲ್ಲ.

"ಅಮ್ಮ ಮಾಡಿದ ಹಾಗಿಲ್ಲ" ಎನ್ನುವ ಮಾತನ್ನಂತೂ ಆಡಲೇಬೇಡಿ. ಅಮ್ಮನ ಕೈರುಚಿ ನಿಜವಾಗಿ ಬೇಕು ಅನ್ನಿಸಿದರೆ ಹಾಗೆ ಅನ್ನಿಸಿದವರೇ ಅಮ್ಮನಿಗೆ ಫೋನ್ ಮಾಡಿ ಕಲಿಯಲಿ. ಅವರು "ಅಂದಾಜಿಗೆ ಹಾಕ್ತೀನಪ್ಪ" ಅನ್ನುತ್ತಾರೆ. ಹೋದಾಗ ಪಕ್ಕದಲ್ಲಿ ನಿಂತು, ಅವರು ಕೈಯಲ್ಲಿ ತೆಗೆದುಕೊಂಡ ಉಪ್ಪನ್ನು ಪಾತ್ರೆಗೆ ಬೀಳುವ ಮೊದಲು ಚಮಚದಲ್ಲಿ ಅಳೆದುಕೊಳ್ಳಿ. ಎಷ್ಟು ಹೊತ್ತು ಹುರಿದರು ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ಅವರ ಅಂದಾಜು ಹೀಗೆ ನಿಮ್ಮ ಅಳತೆಯಾಗುತ್ತದೆ. ಎರಡೂ ಮನೆಯವರ ಹತ್ತಿರ ಒಂದೊಂದು ಅಡುಗೆಯನ್ನು ಹೀಗೆ ಕೇಳಿ ಬರೆದುಕೊಳ್ಳಿ.

ಹೆಜ್ಜೆ 11: ಐದನೆಯದು, ಮತ್ತು ಮೊದಲ ಅತಿಥಿಗಳು

ನೋಟ್‌ಬುಕ್ ನೋಡದೆ, ಒಂದು ಗಂಟೆಯೊಳಗೆ, ಇಬ್ಬರಲ್ಲಿ ಯಾರಾದರೂ ಒಬ್ಬರೇ ನಾಲ್ಕನ್ನೂ ಮಾಡಬಲ್ಲಿರಿ ಅಂದಾಗ ಐದನೆಯ ಅಡುಗೆಗೆ ಹೋಗಿ. ಅದು ಗೊತ್ತಿರುವುದಕ್ಕೆ ಹತ್ತಿರ ಇರಲಿ. ಬೇಳೆ ಬಂದವರಿಗೆ ಬೇಳೆಯ ಜೊತೆ ತರಕಾರಿ ಹಾಕಿ ಬೇಯಿಸುವುದು ಸುಲಭ. ಮೊಟ್ಟೆ ಬಂದವರಿಗೆ ಹುರಿದ ಈರುಳ್ಳಿಯ ಜೊತೆ ಮೊಟ್ಟೆ ಕಲಸುವುದು ಕಷ್ಟವಲ್ಲ.

ಊಟಕ್ಕೆ ಯಾರನ್ನಾದರೂ ಕರೆದ ದಿನ ಹೊಸದನ್ನು ಪ್ರಯತ್ನಿಸಬೇಡಿ. ಚೆನ್ನಾಗಿ ಬರುವುದನ್ನೇ ಮಾಡಿ. ಆರು ಜನಕ್ಕೆ ಮಾಡುವಾಗ ಸಾಮಾನು ಮೂರು ಪಟ್ಟು ಮಾಡಿ. ಉಪ್ಪು ಖಾರವನ್ನು ಮಾತ್ರ ಮೊದಲು ಎರಡು ಪಟ್ಟು ಹಾಕಿ, ರುಚಿ ನೋಡಿ ಏರಿಸಿ. ಅನ್ನದ ನೀರನ್ನು ಮೂರು ಪಟ್ಟು ಮಾಡಬೇಡಿ, ಆವಿಯ ಲೆಕ್ಕ ನೆನಪಿರಲಿ. ತರಕಾರಿಯನ್ನು ಒಂದೇ ಬಾಣಲೆಗೆ ತುಂಬದೆ ಎರಡು ಸಲಕ್ಕೆ ಹುರಿಯಿರಿ. ಹೆಚ್ಚು ನೀರು ಕುದಿ ಬರಲು ಹೆಚ್ಚು ಹೊತ್ತು ಬೇಕು, ಹಾಗಾಗಿ ದಿನಕ್ಕಿಂತ ಅರ್ಧ ಗಂಟೆ ಮೊದಲೇ ಒಲೆ ಹಚ್ಚಿ.